ಪದವಿನ ಮೇಲೊಂದು ರಾಡಾರ್

ಇದು ಮೊಬೈಲು ಬರುವುದಕ್ಕೆ ಮೊದಲಿನ ಮಾತು. ಆಗ ಇನ್ನಂಜೆಯ ನಮ್ಮಂಥ ಮನೆಗಳಲ್ಲಿ ಬೇಸಗೆ ರಜೆ ಅಂದರೆ ಬೆಳಿಗ್ಗೆ ಮಲ್ಲಿಗೆ ಮೊಗ್ಗು ಕೊಯ್ಯುವುದು, ಮಧ್ಯಾಹ್ನ ಗೇರುಬೀಜ ಸುಡುವುದು, ಸಂಜೆ ಕೊಯ್ಲಾದ ಗದ್ದೆಯಲ್ಲಿ ಲಗೋರಿ ಆಡುವುದು. ಗೇರುಹಣ್ಣಿನ ಕಲೆ ಬಿದ್ದ ಫ್ರಾಕಿಗೆ ಅಮ್ಮಂದಿರು ಬೈಯುವುದೂ ರಜೆಯ ಒಂದು ಭಾಗವೇ. ಕರಾವಳಿಯಲ್ಲಿ ಬೆಳೆದವರಿಗೆ ಇದನ್ನೆಲ್ಲ ನಾನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಆರನೇ ಕ್ಲಾಸು ಮುಗಿದ ವರ್ಷದ ರಜೆಯನ್ನು ನಾನು ಒಂದು ಹಳೆಯ ಮಿಲಿಟರಿ ರಾಡಾರಿನ ಒಳಗೆ ಕುಳಿತು ಕಳೆದೆ. ಅದನ್ನು ಮಾತ್ರ ಬಿಡಿಸಿಯೇ ಹೇಳಬೇಕು.

ನನ್ನ ಪಪ್ಪಾ ಲಾರೆನ್ಸ್ ವಾಯುಸೇನೆಯಲ್ಲಿ ರಾಡಾರ್ ಮೆಕ್ಯಾನಿಕ್ ಆಗಿದ್ದವರು. ನಾನು ತೀರಾ ಚಿಕ್ಕವಳಿದ್ದಾಗಲೇ ಆ ಕೆಲಸ ಬಿಟ್ಟು ಊರಿಗೆ ಬಂದು, ಕಾಪು ಪೇಟೆಯಲ್ಲಿ ರೇಡಿಯೊ, ಟಿವಿ ರಿಪೇರಿಯ ಅಂಗಡಿ ಇಟ್ಟಿದ್ದರು. ಯಾಕೆ ಬಿಟ್ಟರು ಎಂಬುದು ಮನೆಯಲ್ಲಿ ಯಾರೂ ಎತ್ತದ ವಿಷಯ. ಅವರಿಗೆ ಮಾತು ಕಡಿಮೆ. ಕರೆಂಟಿನ ಯಾವ ಕೆಲಸವಿದ್ದರೂ ಎಡಗೈಯನ್ನು ಕಿಸೆಯಲ್ಲಿಟ್ಟು ಬಲಗೈ ಒಂದರಲ್ಲೇ ಮಾಡುತ್ತಿದ್ದರು. ಲುಂಗಿ ಉಟ್ಟಿದ್ದರೆ ಆ ಕೈ ಬೆನ್ನ ಹಿಂದೆ ಹೋಗುತ್ತಿತ್ತು. ನಾನು ಕೇಳಿದ್ದಕ್ಕೆ ಒಮ್ಮೆ ಹೇಳಿದ್ದರು:

"ಎರಡು ಕೈ ಇಟ್ಟರೆ ಶಾಕ್ ಒಂದು ಕೈಯಿಂದ ಇನ್ನೊಂದು ಕೈಗೆ ಎದೆಯ ಮೂಲಕ ಹೋಗ್ತದೆ. ಒಂದೇ ಕೈ ಇಟ್ಟರೆ ಬದುಕಿಕೊಳ್ಳಬಹುದು."

ಆ ವರ್ಷ ಈಸ್ಟರ್ ಮುಗಿದ ಮೇಲೆ ಒಂದು ಬೆಳಿಗ್ಗೆ ಪ್ರಿನ್ಸಿಪಾಲ್ ಹೆಬ್ಬಾರರು ನಮ್ಮ ಮನೆಗೆ ಬಂದರು. ಊರಿನ ಮೂಡು ದಿಕ್ಕಿನ ಪದವಿನಲ್ಲಿ, ಕೆಂಪು ಮುರಕಲ್ಲಿನ ಆ ದೊಡ್ಡ ಬಯಲಿನಲ್ಲಿ, ಹೊಸದಾಗಿ ಒಂದು ಎಂಜಿನಿಯರಿಂಗ್ ಕಾಲೇಜು ಶುರುವಾಗಿತ್ತು. ಹೆಬ್ಬಾರರು ಅದರ ಮುಖ್ಯಸ್ಥರು. ಮಾಯ್, ಅಂದರೆ ನನ್ನ ಅಮ್ಮ, ಜಗಲಿಯಲ್ಲಿ ಬಾಳೆನಾರಿನಿಂದ ಮಲ್ಲಿಗೆ ಕಟ್ಟುತ್ತಿದ್ದಳು. ಹೂವಿನ ಏಜೆಂಟ್ ಬರುವ ಹೊತ್ತಾದ್ದರಿಂದ ಅವಳು ತಲೆ ಎತ್ತಲಿಲ್ಲ. ಹೆಬ್ಬಾರರು ಹೂವಿನ ರಾಶಿಯನ್ನು ದಾಟಿ ಬಂದು ಕುಳಿತು, "ವಾಯುಸೇನೆಯವರು ಹರಾಜು ಹಾಕಿದ ಒಂದು ರಾಡಾರ್ ಗಾಡಿ ತಂದಿದ್ದೇವೆ. ಮಕ್ಕಳಿಗೆ ತೋರಿಸಿ ಕಲಿಸಲಿಕ್ಕೆ. ನೀವು ಒಮ್ಮೆ ನೋಡಬೇಕಿತ್ತು" ಎಂದರು.

"ಯಾವ ತರದ್ದು?" ಎಂದು ಪಪ್ಪಾ ಕೇಳಿದರು.

"ವಿಮಾನ ಇಳಿಸುವಂಥದ್ದು. ಒಳಗೆ ಎರಡು ಪರದೆ ಉಂಟು."

ಪಪ್ಪಾ ಎದ್ದು ಒಳಗೆ ಹೋದರು. ಆಮೇಲೆ ಶರ್ಟು ಹಾಕಿಕೊಂಡು ಹೊರಟರು. ನಾನೂ ಸ್ಕೂಟರಿನ ಹಿಂದೆ ಹತ್ತಿದೆ. ಬೇಡ ಎನ್ನಲಿಲ್ಲ.

ಪದವಿನ ತುದಿಯಲ್ಲಿ, ಒಣಗಿದ ಮುಳಿಹುಲ್ಲಿನ ಮಧ್ಯೆ ಅದು ನಿಂತಿತ್ತು. ಹಸಿರು ಬಣ್ಣ ಸಿಪ್ಪೆ ಏಳುತ್ತಿದ್ದ ಕಬ್ಬಿಣದ ಗಾಡಿ, ಗಾಳಿ ಹೋದ ಚಕ್ರಗಳು. ಒಂದು ತುದಿಯಲ್ಲಿ ನಿಂತ ಬಾಳೆಲೆಯ ಹಾಗೆ ಒಂದು ಆಂಟೆನಾ, ಅದರ ಪಕ್ಕದಲ್ಲಿ ಮಲಗಿದ ಬಾಳೆಲೆಯ ಹಾಗೆ ಇನ್ನೊಂದು. ಬಾಗಿಲು ತೆಗೆದರೆ ಹಳೆಯ ವಾರ್ನಿಷ್, ಇಲಿಹಿಕ್ಕೆ, ಬಿಸಿಲಿಗೆ ಕಾದ ಕಬ್ಬಿಣ ಮೂರೂ ಸೇರಿದ ವಾಸನೆ. ವಯರುಗಳ ನಡುವೆ ಕಣಜಗಳು ಮಣ್ಣಿನ ಗೂಡು ಕಟ್ಟಿದ್ದವು. ಪಪ್ಪಾ ಒಳಗೆ ಹೋಗಿ, ಟಾರ್ಚ್ ಹಾಕದೆಯೇ ಒಂದು ಸ್ವಿಚ್ಚಿನ ಮೇಲೆ ಕೈ ಇಟ್ಟರು. ಅದು ಎಲ್ಲಿದೆ ಎಂದು ಅವರ ಕೈಗೆ ಗೊತ್ತಿತ್ತು.

"ಇದು ನೀವು ಕೆಲಸ ಮಾಡಿದ್ದಾ ಪಪ್ಪಾ?"

"ಇದೇ ಅಲ್ಲ. ಇದೇ ತರದ್ದು."

ಮರುದಿನದಿಂದ ಅಂಗಡಿ ಮಧ್ಯಾಹ್ನಕ್ಕೆ ಮುಚ್ಚಲು ಶುರುವಾಯಿತು. ಕಾಲೇಜಿನ ಹುಡುಗರು ಪರೀಕ್ಷೆ ಮುಗಿಸಿ ಊರಿಗೆ ಹೋಗಿದ್ದರು. ಹಾಗಾಗಿ ಗಾಡಿಯಲ್ಲಿ ನಾವಿಬ್ಬರೇ. ಮಾಯ್ ಕುಚ್ಚಲಕ್ಕಿ ಗಂಜಿ, ಒಣಸಿಗಡಿ ಚಟ್ನಿ ಕಟ್ಟಿ ಕೊಡುತ್ತಿದ್ದಳು. ಪಪ್ಪಾ ಒಂದೊಂದೇ ಪೆಟ್ಟಿಗೆಯನ್ನು ಹೊರಗೆಳೆದು, ಬ್ರಶ್ಶಿನಿಂದ ಧೂಳು ತೆಗೆದು, ಹಳೆಯ ರೇಡಿಯೊಗಳಲ್ಲಿ ಇರುವಂಥ ವಾಲ್ವುಗಳನ್ನು ಕಿತ್ತು ಹಳೆಯ ಬನಿಯನಿನ ಮೇಲೆ ಸಾಲಾಗಿ ಇಡುತ್ತಿದ್ದರು. ಗಾಜಿನ ಆ ವಾಲ್ವುಗಳ ಕಾಲುಗಳನ್ನೂ ವಯರು ಕೂಡಿಸುವ ಪಟ್ಟಿಗಳ ತುದಿಗಳನ್ನೂ ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಹೊಳಪು ಬರಿಸುವುದು ನನ್ನ ಕೆಲಸ. ನನ್ನ ಶಾಲೆಯ ರಬ್ಬರುಗಳೆಲ್ಲ ಮುಗಿದವು. ಒಂದು ನಿಯಮ ಮಾತ್ರ ಕಟ್ಟುನಿಟ್ಟು: ಸ್ವಿಚ್ ಆಫ್ ಮಾಡಿದ ಮೇಲೂ, ಮರದ ಹಿಡಿಯ ಒಂದು ತಾಮ್ರದ ಸಲಾಕೆಯನ್ನು ತಾಗಿಸಿ ಒಳಗೆ ಉಳಿದ ಕರೆಂಟನ್ನು ಭೂಮಿಗೆ ಇಳಿಸದೆ ಯಾರೂ ಕೈ ಹಾಕಬಾರದು. ತಾಗಿಸಿದಾಗ ಒಮ್ಮೊಮ್ಮೆ 'ಟಪ್' ಎಂದು ನೀಲಿ ಕಿಡಿ ಹಾರುತ್ತಿತ್ತು. "ನೋಡಿದೆಯಾ? ಆಫ್ ಆಗಿದೆ ಅಂತ ನಾವು ತಿಳಿದದ್ದು. ಅದಕ್ಕೆ ಗೊತ್ತಿಲ್ಲ" ಎನ್ನುತ್ತಿದ್ದರು.

ಈ ರಾಡಾರಿನ ಕೆಲಸ ಏನೆಂದು ಅವರು ಗಂಜಿ ಉಣ್ಣುವಾಗ ಹೇಳಿದರು. ಮಂಜು ಕವಿದು ಪೈಲಟಿಗೆ ಏನೂ ಕಾಣದಿದ್ದಾಗ, ಈ ಗಾಡಿಯೊಳಗೆ ಕುಳಿತವನೊಬ್ಬ ಪರದೆಯ ಮೇಲೆ ವಿಮಾನದ ಚುಕ್ಕೆಯನ್ನು ನೋಡುತ್ತ, ವಯರ್‌ಲೆಸ್ಸಿನಲ್ಲಿ ಎಡಕ್ಕೆ, ಬಲಕ್ಕೆ, ಕೆಳಗೆ ಎಂದು ಹೇಳುತ್ತಾನೆ. ಚಕ್ರ ನೆಲ ಮುಟ್ಟುವವರೆಗೂ ಹೇಳುತ್ತಲೇ ಇರಬೇಕು. ಪೈಲಟ್ ಕೊನೆಯ ಹೊತ್ತಿಗೆ ಉತ್ತರವನ್ನೂ ಕೊಡಬಾರದು, ಕೇಳುತ್ತ ಬರಬೇಕು ಅಷ್ಟೆ. ನಾನು ಇದನ್ನು ಗದ್ದೆಗೆ ತಂದೆ. ಲಗೋರಿ ಬಿಟ್ಟು, ಒಬ್ಬರ ಕಣ್ಣಿಗೆ ಬಟ್ಟೆ ಕಟ್ಟಿ ಸೈಕಲ್ ಮೇಲೆ ಕೂರಿಸಿ, ಇನ್ನೊಬ್ಬರು ಕಟ್ಟಪುಣಿಯ, ಅಂದರೆ ಗದ್ದೆಯ ಬದುವಿನ, ಮೇಲೆ ನಿಂತು ದಾರಿ ಹೇಳುವ ಆಟ. ವಾರದೊಳಗೆ ನೆರೆಮನೆಯ ಮಕ್ಕಳೆಲ್ಲರ ಮೊಣಕಾಲು ಸುಲಿದಿತ್ತು.

ಮೇ ತಿಂಗಳು ಬರುವ ಹೊತ್ತಿಗೆ ಪರದೆ ಬೆಳಗಿತು. ಜನರೇಟರ್ ಗುಡುಗುಟ್ಟುತ್ತಿತ್ತು. ಕಿತ್ತಳೆ ಬಣ್ಣದ ಒಂದು ಗೆರೆ ಬೀಸಣಿಗೆಯ ಹಾಗೆ ಅತ್ತಿಂದಿತ್ತ ಬೀಸಿತು. ಹೆಬ್ಬಾರರು ಮೇಲಿನವರಿಗೆ ಬರೆದು ಕೆಲವು ದಿನಗಳ ಮಟ್ಟಿಗೆ ರಾಡಾರ್ ನಡೆಸಿ ನೋಡಲು ಅನುಮತಿ ತರಿಸಿದ್ದರು. ಅದು ಮುಗಿದರೆ ಮತ್ತೆ ಸಿಗುವಂಥದ್ದಲ್ಲ. "ಒಮ್ಮೆಯಾದರೂ ಇದು ಮಾಡುವ ಕೆಲಸವನ್ನು ಮಾಡಿಸಿ ತೋರಿಸಬೇಕು ಲಾರೆನ್ಸ್" ಎಂದರು ಅವರು. ಪಪ್ಪಾ ತಲೆ ಆಡಿಸಿದರು. "ನಾನು ಇದನ್ನು ಸರಿ ಮಾಡುವವನು ಸರ್. ಪರದೆ ನೋಡಿ ಇಳಿಸುವ ಜನ ಬೇರೆ. ಆ ಮಾತು ನನಗೆ ಬರುವುದಿಲ್ಲ."

ರಾತ್ರಿ ಊಟಕ್ಕೆ ಕುಳಿತಾಗ ಮಾಯ್ ಹೇಳಿದಳು, "ಎಲ್ಲೂರಿನಲ್ಲಿ ಒಬ್ಬರು ಇದ್ದಾರಲ್ಲ."

ಪಪ್ಪಾ ಅರ್ಧ ಊಟ ಬಿಟ್ಟು ಕೈ ತೊಳೆದರು.

ಮರುದಿನ ಬೆಳಿಗ್ಗೆ ಮೊಗ್ಗು ಕೊಯ್ಯುವಾಗ ನಾನು ಕಾಡಿಸಿದ ಮೇಲೆ ಮಾಯ್ ಬಾಯಿ ಬಿಟ್ಟಳು. ನೆರೆಯ ಊರು ಎಲ್ಲೂರಿನ ಶ್ರೀಧರ ಶೆಟ್ಟರು ಪಪ್ಪಾ ಇದ್ದ ಘಟಕದಲ್ಲೇ ವಿಮಾನ ಇಳಿಸುವ ಕೆಲಸದಲ್ಲಿದ್ದವರು. ಪಪ್ಪಾನಿಗಿಂತ ದೊಡ್ಡ ಹುದ್ದೆ. ಉತ್ತರದ ಚಳಿಯಲ್ಲಿ ತುಳು ಮಾತಾಡಲು ಇಬ್ಬರಿಗೆ ಇಬ್ಬರೇ. ಒಂದು ದಿನ ದಟ್ಟ ಮಂಜಿನಲ್ಲಿ ಶೆಟ್ಟರು ಒಂದು ವಿಮಾನವನ್ನು ಇಳಿಸುತ್ತಿದ್ದಾಗ ಪರದೆ ಕಪ್ಪಾಯಿತು. ಅವರು ಮಾತು ನಿಲ್ಲಿಸಲಿಲ್ಲ, ಅಂದಾಜಿನ ಮೇಲೆ ಹೇಳುತ್ತ ಹೋದರು. ವಿಮಾನ ರನ್‌ವೇಯ ಬದಿಗೆ ಇಳಿದು ಒಂದು ರೆಕ್ಕೆ ಮುರಿಯಿತು. ಪೈಲಟಿನ ಕಾಲು ಹೋಯಿತು. ವಿಚಾರಣೆಯಲ್ಲಿ ಶೆಟ್ಟರು, ಹಳೆಯ ವಾಲ್ವನ್ನು ಮೆಕ್ಯಾನಿಕ್ ಬದಲಿಸಿರಲಿಲ್ಲ, ಅದಕ್ಕೇ ಹೀಗಾಯಿತು ಎಂದರು. ಬದಲಿಸಿದ್ದೆ ಎಂದರು ಪಪ್ಪಾ. ಯಾರೂ ನಂಬಲಿಲ್ಲ. ಯಂತ್ರವನ್ನು ಮರುದಿನ ಬಿಚ್ಚಿ ನೋಡಿದರೆ ಅದು ಸರಿಯಾಗಿಯೇ ನಡೆಯುತ್ತಿತ್ತು, ಬೇರೆ ಯಾವ ದೋಷವೂ ಸಿಗಲಿಲ್ಲ. ಪಪ್ಪಾ ಕೆಲಸ ಬಿಟ್ಟದ್ದು ಅದರ ಮೇಲೆಯೇ.

"ಪಪ್ಪಾ ಬದಲಿಸಿದ್ದು ಹೌದಲ್ವಾ?" ಎಂದು ಕೇಳಿದೆ.

ಮಾಯ್ ಮೊಗ್ಗಿನ ಬುಟ್ಟಿಯನ್ನು ಸೊಂಟಕ್ಕೆ ಏರಿಸಿಕೊಂಡಳು. "ಹೌದು ಅಂತಲೇ ಹೇಳ್ತಾರೆ. ಆದರೆ ನಿದ್ದೆಯಲ್ಲಿ ಎದ್ದು ಕೂತು, ಬದಲಿಸಿದ್ದೆನಲ್ಲ ಅಂತ ನನ್ನನ್ನೇ ಕೇಳಿದ್ದುಂಟು."

ಆ ಭಾನುವಾರ ಇಗರ್ಜಿಯಿಂದ ಬಂದು ಪಪ್ಪಾ ಬಟ್ಟೆ ಬದಲಿಸದೆ ಸ್ಕೂಟರ್ ತೆಗೆದರು. "ಐರಿನ್, ಬರ್ತೀಯಾ?" ಎಂದರು. ಅಷ್ಟೆ.

ಶೆಟ್ಟರು ಅಕ್ಕ ಸುನಂದಕ್ಕನ ಮನೆಯಲ್ಲಿದ್ದರು. ಜಗಲಿಯ ಬೆತ್ತದ ಕುರ್ಚಿಯಲ್ಲಿ ನೆಟ್ಟಗೆ ಕುಳಿತಿದ್ದ ಎತ್ತರದ ಆಳು. ನಾವು ಅಂಗಳಕ್ಕೆ ಬಂದರೂ ಅವರು ನಮ್ಮತ್ತ ತಿರುಗಲಿಲ್ಲ. ಕಣ್ಣಿನ ಒತ್ತಡದ ಕಾಯಿಲೆಯಿಂದ ಅವರ ದೃಷ್ಟಿ ಪೂರ್ತಿ ಹೋಗಿತ್ತು. ಪಪ್ಪಾನಿಗೆ ಇದು ಗೊತ್ತಿರಲಿಲ್ಲ. ಮೆಟ್ಟಿಲಲ್ಲೇ ನಿಂತುಬಿಟ್ಟರು.

"ಯಾರದು?" ಎಂದರು ಶೆಟ್ಟರು.

"ನಾನು ಸರ್. ಲಾರೆನ್ಸ್. ಇನ್ನಂಜೆ."

ಒಳಗಿನಿಂದ ಬಂದ ಸುನಂದಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಇಬ್ಬರನ್ನೂ ನೋಡಿದರು. ಶೆಟ್ಟರು ದನಿ ಬಂದತ್ತ ಮುಖ ತಿರುಗಿಸಿ, "ಅಕ್ಕಾ, ಕುರ್ಚಿ ಕೊಡು. ಪುನರ್ಪುಳಿ ಶರಬತ್ತು ಉಂಟಾ?" ಎಂದರು.

ಪಪ್ಪಾ ಹಳೆಯ ಮಾತು ಎತ್ತಲಿಲ್ಲ. ಪದವಿನಲ್ಲಿ ಗಾಡಿ ಬಂದಿದೆ, ಪರದೆ ಬೆಳಗುತ್ತಿದೆ, ನಡೆಸುವವರಿಲ್ಲ ಎಂದಷ್ಟೇ ಹೇಳಿದರು. ಶೆಟ್ಟರು ನಕ್ಕರು. "ಮಾರಾಯಾ, ನನಗೆ ನನ್ನ ಕೈಯೇ ಕಾಣುವುದಿಲ್ಲ. ನಿನ್ನ ಪರದೆ ಹೇಗೆ ನೋಡಲಿ?"

"ಚುಕ್ಕೆ ಎಲ್ಲಿದೆ ಅಂತ ಇವಳು ಹೇಳ್ತಾಳೆ. ಆಮೇಲೆ ಏನು ಹೇಳಬೇಕು ಅಂತ ನಿಮಗೆ ಗೊತ್ತುಂಟು."

ಇದನ್ನು ಪಪ್ಪಾ ದಾರಿಯಲ್ಲಿ ನನಗೆ ಹೇಳಿರಲಿಲ್ಲ. ಕಣ್ಣು ಹೋದದ್ದೇ ಗೊತ್ತಿರದ ಮೇಲೆ ಹೇಳುವುದಾದರೂ ಹೇಗೆ? ಅಲ್ಲಿ ಕುಳಿತಲ್ಲೇ ಯೋಚಿಸಿದ್ದು. ಶೆಟ್ಟರು ಕೈ ಚಾಚಿದರು. ನಾನು ಹತ್ತಿರ ಹೋದೆ. ನನ್ನ ತಲೆ ಎಷ್ಟೆತ್ತರದಲ್ಲಿದೆ ಎಂದು ಮುಟ್ಟಿ ನೋಡಿ, "ಇಷ್ಟೇ ಇದ್ದೀಯಾ?" ಎಂದರು.

ಅವರು ಮರುದಿನವೇ ಬಂದರು. ಗಾಡಿಯ ಮೆಟ್ಟಿಲು ಹತ್ತುವಾಗ ಯಾರ ಕೈಯನ್ನೂ ಹಿಡಿಯಲಿಲ್ಲ. ಕುರ್ಚಿಯಲ್ಲಿ ಕುಳಿತು ಯಂತ್ರದ ಗುಂಡಿಗಳನ್ನೆಲ್ಲ ಒಂದೊಂದಾಗಿ ತಡವಿ, ಬಿಸಿ ಗಾಳಿಯನ್ನು ಮೂಸಿ, "ಸೆಲೀನಿಯಂ ಪಟ್ಟಿ ಒಂದು ಸುಟ್ಟಿತ್ತಾ? ಕೊಳೆತ ಮೂಲಂಗಿಯ ವಾಸನೆ ಇನ್ನೂ ಉಂಟು" ಎಂದರು. ಹೌದು, ವಿದ್ಯುತ್ತಿನ ಕಪಾಟಿನ ಒಂದು ಪಟ್ಟಿ ಹಿಂದಿನ ವಾರ ಸುಟ್ಟಿತ್ತು. ನಾವು ಮೂಗು ಮುಚ್ಚಿ ಹೊರಗೆ ಓಡಿದ್ದೆವು.

ನನಗೆ ಪಾಠ ಶುರುವಾಯಿತು. ಪರದೆಯ ನಡುವಿನ ಅಲುಗದ ಗೆರೆಯೇ ದಾರಿ. ಚುಕ್ಕೆ ಆ ಗೆರೆಯಿಂದ ಎಷ್ಟು ದೂರ ಎಂದು ಹೇಳಬೇಕು. ನಾನು ಮೊದಲ ಸಲ, "ಸ್ವಲ್ಪ ಆಚೆಗೆ ಉಂಟು ಅಂಕಲ್" ಎಂದೆ.

"ಸ್ವಲ್ಪ ಅಂದರೆ ಎಂತ? ಅಮ್ಮ ಅನ್ನಕ್ಕೆ ಉಪ್ಪು ಹಾಕುವುದು ಸ್ವಲ್ಪ. ಇಲ್ಲಿ ಅದು ನಡೆಯುವುದಿಲ್ಲ. ಎಷ್ಟು ಅಕ್ಕಿಕಾಳು ದೂರ ಅಂತ ಹೇಳು."

ಹಾಗೆ ಅಕ್ಕಿಕಾಳು ನಮ್ಮ ಅಳತೆಯಾಯಿತು.

ವಿಮಾನ ಯಾರು ಕೊಡುತ್ತಾರೆ? ದೋಣಿಯಾದರೂ ಸಾಕು ಎಂದದ್ದು ಶೆಟ್ಟರೇ. ಪದವಿನ ತುದಿಯಿಂದ ಪಡುವಣಕ್ಕೆ ಕಾಪುವಿನ ದೀಪಸ್ತಂಭ, ಅದರಾಚೆ ಸಮುದ್ರ ಕಾಣುತ್ತಿತ್ತು. ಪಪ್ಪಾ ಆಂಟೆನಾವನ್ನು ಅತ್ತ ತಿರುಗಿಸಿದರು. ಅಂಗಡಿಗೆ ರಿಪೇರಿಗೆಂದು ಟ್ರಾನ್ಸಿಸ್ಟರ್ ತರುತ್ತಿದ್ದ ಲಕ್ಷ್ಮಣಣ್ಣ ಎಂಬ ಮೀನುಗಾರರ ನಾಡದೋಣಿಯನ್ನು ಗೊತ್ತು ಮಾಡಿದರು. ಮರದ ದೋಣಿ ರಾಡಾರಿಗೆ ಸರಿಯಾಗಿ ಕಾಣುವುದಿಲ್ಲವೆಂದು ಎಣ್ಣೆ ಡಬ್ಬಗಳನ್ನು ಕತ್ತರಿಸಿ ತಗಡುಗಳನ್ನು ಮೂಲೆ ಬರುವಂತೆ ಜೋಡಿಸಿ ಒಂದು ಗಳಕ್ಕೆ ಕಟ್ಟಿದರು. ಲಕ್ಷ್ಮಣಣ್ಣ ಮುಖಕ್ಕೆ ಟವೆಲ್ ಕಟ್ಟಿಕೊಂಡು, ನಮ್ಮ ಮಾತು ಕೇಳಿ, ದೀಪಸ್ತಂಭದ ಬುಡದ ಬಂಡೆಗಳ ಬಡಗು ಬದಿಯ ಮರಳಿಗೆ ದೋಣಿ ತರಬೇಕು. ಜೊತೆಗೆ ಅವರ ತಮ್ಮ ಕಣ್ಣು ಬಿಟ್ಟುಕೊಂಡು ಕೂರುತ್ತಾನೆ. ದಡದಲ್ಲಿ ಹೆಬ್ಬಾರರು. ಎರಡು ಕಡೆಯೂ ವಾಕಿಟಾಕಿ.

"ಎಡ ಬಲ ಎಲ್ಲ ನನಗೆ ಬೇಡ ಶೆಟ್ರೇ. ತೆಂಕು, ಬಡಗು ಹೇಳಿ" ಎಂದರು ಲಕ್ಷ್ಮಣಣ್ಣ. "ಚುಕ್ಕಾಣಿ ಎಷ್ಟು ತಿರುಗಿಸಬೇಕು ಅಂತ ಮುಷ್ಟಿಯಲ್ಲಿ ಹೇಳಿ."

ಮೊದಲ ಸಲ ನಡೆಸಿ ನೋಡಿದ ಬೆಳಿಗ್ಗೆ ಸಮುದ್ರ ಶಾಂತವಿತ್ತು. ಗಾಡಿಯೊಳಗೆ ಪಪ್ಪಾ ವಿದ್ಯುತ್ತಿನ ಕಪಾಟಿನ ಮುಂದೆ, ಶೆಟ್ಟರು ಕುರ್ಚಿಯಲ್ಲಿ, ನಾನು ಅವರ ಪಕ್ಕದ ಸ್ಟೂಲಿನಲ್ಲಿ. ಅಲೆಗಳ ಮಿಣುಕಿನ ನಡುವೆ ತಗಡಿನ ಚುಕ್ಕೆ ಅಕ್ಕಿಕಾಳಿನಷ್ಟೇ ಗಟ್ಟಿಯಾಗಿ ಕಂಡಿತು.

"ಗೆರೆಯಿಂದ ಎರಡು ಕಾಳು ಬಡಗು" ಎಂದೆ.

ಶೆಟ್ಟರ ಗಂಟಲೇ ಬದಲಾಯಿತು. ಅವಸರವಿಲ್ಲದ, ಏರಿಳಿತವಿಲ್ಲದ, ಪಕ್ಕದಲ್ಲೇ ಕುಳಿತು ಹೇಳುವಂಥ ಗಂಟಲು. "ಲಕ್ಷ್ಮಣಾ, ನೀನು ಗೆರೆಯಿಂದ ಬಡಗಿನಲ್ಲಿದ್ದೀ. ಅರ್ಧ ಮುಷ್ಟಿ ತೆಂಕಕ್ಕೆ. ಇನ್ನು ಉತ್ತರ ಕೊಡಬೇಡ, ಕೇಳುತ್ತ ಬಾ. ಚೆನ್ನಾಗಿ ಬರುತ್ತಿದ್ದೀ. ಹಾಗೇ ಇರಲಿ. ಹಾಗೇ ಇರಲಿ..."

"ಒಂದು ಕಾಳು. ಅರ್ಧ. ಗೆರೆಯ ಮೇಲೆ."

ಬಂಡೆಯ ಹೊಳಪು ಪರದೆಯ ಅಂಚಿಗೆ ಬಂತು. ಆಗ ಪರದೆ ಕಪ್ಪಾಯಿತು.

"ಅಂಕಲ್, ಹೋಯಿತು. ಏನೂ ಇಲ್ಲ."

ಶೆಟ್ಟರ ಬಾಯಿ ತೆರೆದೇ ಇತ್ತು. ಒಂದು ಕ್ಷಣ, ಅವರು ಮಾತು ಮುಂದುವರಿಸುತ್ತಾರೆ ಎಂದುಕೊಂಡೆ. ಆಮೇಲೆ ಹೇಳಿದರು: "ಲಕ್ಷ್ಮಣಾ, ಚಿತ್ರ ಹೋಯಿತು. ನನಗೇನೂ ತಿಳಿಯುತ್ತಿಲ್ಲ. ಟವೆಲ್ ತೆಗಿ. ನೀನೇ ನೋಡಿಕೊಂಡು ಹೋಗು."

ಆಚೆಯಿಂದ "ಆಯ್ತು ಶೆಟ್ರೇ" ಎಂಬ ದನಿ ಬಂತು. ಶೆಟ್ಟರು ವಾಕಿಟಾಕಿ ಕೆಳಗಿಟ್ಟರು. "ಅವತ್ತು ಇಷ್ಟೇ ಹೇಳಬೇಕಿತ್ತು. ಚಿತ್ರ ಹೋಯಿತು, ಮೇಲಕ್ಕೆ ಹೋಗು ಅಂತ" ಎಂದು ಯಾರಿಗೂ ಅಲ್ಲದ ಹಾಗೆ ಹೇಳಿಕೊಂಡರು.

ಪಪ್ಪಾ ಇದನ್ನು ಕೇಳಿದರೋ ಇಲ್ಲವೋ. ಅವರು ಕಪಾಟಿನ ಬಾಗಿಲು ತೆಗೆದಾಗಿತ್ತು. ವಾಲ್ವ್ ಬದಲಿಸಿದರು. ಪರದೆ ಬೆಳಗಿತು, ತುಸು ಹೊತ್ತಿನಲ್ಲೇ ಮತ್ತೆ ಕಪ್ಪಾಯಿತು. ಇನ್ನೊಂದು ಹಾಕಿದರು. ಅದೇ ಕಥೆ. ಆಮೇಲೆ ಎಡಗೈಯನ್ನು ಕಿಸೆಗೆ ಹಾಕಿ, ಒಣ ಬಿದಿರಿನ ಕಡ್ಡಿಯೊಂದನ್ನು ಹಿಡಿದು ಒಳಗಿನ ಒಂದೊಂದು ವಯರನ್ನೂ ಮೆಲ್ಲಗೆ ತಟ್ಟುತ್ತ ಹೋದರು. "ಪರದೆ ನೋಡುತ್ತಿರು" ಎಂದರು ನನಗೆ. ಬೆವರು ಅವರ ಮೂಗಿನ ತುದಿಯಿಂದ ಬೀಳುತ್ತಿತ್ತು.

"ಈಗ! ಈಗ ಮಿಂಚಿತು ಪಪ್ಪಾ."

ಸ್ವಿಚ್ ಆಫ್ ಮಾಡಿ, ಸಲಾಕೆ ತಾಗಿಸಿ, ಒಂದು ಕಬ್ಬಿಣದ ಪಟ್ಟಿಯನ್ನು ಬಿಚ್ಚಿದರು. ಅದರ ಅಡಿಯಲ್ಲಿ ಒಂದು ಬೆಸುಗೆ. ನೋಡಲು ಸರಿಯಾಗಿಯೇ ಇತ್ತು. ಪಪ್ಪಾ ಅದನ್ನು ಬೆರಳಿನಿಂದ ಅಲುಗಿಸಿದರು. ಸುತ್ತ ಕೂದಲೆಳೆಯಷ್ಟು ಬಿರುಕು ಕಂಡಿತು. ಅವರು ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟರು.

"ಎಂತ ಆಯಿತು ಲಾರೆನ್ಸ್?"

"ವಾಲ್ವ್ ಅಲ್ಲ ಸರ್."

ಶೆಟ್ಟರು ಎದ್ದರು. ತಡವುತ್ತ ಬಂದು ಪಪ್ಪಾನ ಪಕ್ಕದಲ್ಲಿ ಕುಳಿತರು. ಪಪ್ಪಾ ಅವರ ಬೆರಳನ್ನು ಹಿಡಿದು ಬೆಸುಗೆಯ ಮೇಲೆ ಇಟ್ಟರು.

"ತಣ್ಣಗಿರುವಾಗ ಕೂಡಿಕೊಳ್ಳುತ್ತದೆ. ಬಿಸಿಯಾದರೆ ಬಾಯಿ ಬಿಡುತ್ತದೆ. ಪಟ್ಟಿಯ ಅಡಿಯಲ್ಲಿ ಉಂಟಲ್ಲ, ಯಾರಿಗೂ ಕಾಣುವುದಿಲ್ಲ. ಅವತ್ತು ಮರುದಿನ ಬಿಚ್ಚುವಾಗ ಯಂತ್ರ ತಣ್ಣಗಾಗಿತ್ತು."

"ಅಲ್ಲೂ ಇದೇ ಇರಬಹುದಾ?"

"ಅದೇ ತರದ ಗಾಡಿ. ಅದೇ ಜಾಗ. ಇದೇ ಅಂತ ನನಗೆ ಕಾಣ್ತದೆ."

ಶೆಟ್ಟರ ಬೆರಳು ಆ ಬಿರುಕಿನ ಸುತ್ತ ಹೋಯಿತು, ಬಂತು. "ನೀನು ಬದಲಿಸಿದ್ದೆ ಅಂತ ಹೇಳಿದೆ. ನಾನು ಬದಲಿಸಿಲ್ಲ ಅಂತ ಹೇಳಿದೆ. ನೋಡಿದವನ ಹಾಗೆ ಹೇಳಿದೆ."

"ಹೌದು ಸರ್."

"ನಾನು ಹೆದರಿದ್ದೆ ಮಾರಾಯಾ."

ಪಪ್ಪಾ ಬಿಚ್ಚಿದ ಪಟ್ಟಿಯನ್ನು ಬನಿಯನಿನ ಮೇಲೆ ಇಟ್ಟರು. ಹೊರಗೆ ಜನರೇಟರ್ ಸುಮ್ಮನೆ ಓಡುತ್ತಿತ್ತು. ಆಮೇಲೆ, "ಬದಲಿಸಿದ್ದೆನಾ ಅಂತ ನನಗೇ ಸಂಶಯ ಬಂದಿತ್ತು ಸರ್. ಇಷ್ಟು ವರ್ಷ" ಎಂದರು. ನನ್ನ ಪಪ್ಪಾ ಅಳುವುದನ್ನು ನಾನು ನೋಡಿದ್ದು ಅದೊಂದೇ ಸಲ. ಅಳು ಎನ್ನುವಂತೆಯೂ ಇರಲಿಲ್ಲ. ಕಣ್ಣಿಗೆ ಇಳಿದ ಬೆವರನ್ನು ಒರೆಸಿಕೊಂಡ ಹಾಗೆ ಇತ್ತು. ಕಣ್ಣು ಕಾಣದ ಶೆಟ್ಟರಿಗೆ ಅದು ಹೇಗೆ ಗೊತ್ತಾಯಿತೋ, ಪಪ್ಪಾನ ಭುಜ ಹುಡುಕಿ ಕೈ ಇಟ್ಟರು.

ಸಂಜೆ ಪಪ್ಪಾ ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು ಮಾಯ್‌ಗೆ ಹೇಳಿದರು. ಅವಳು ಮಸಾಲೆ ಅರೆಯುತ್ತಿದ್ದ ಕೈ ನಿಲ್ಲಿಸಿ ಎಲ್ಲ ಕೇಳಿದಳು. "ಹಾಗಾದರೆ ಇನ್ನು ನಿದ್ದೆ ಮಾಡಿ" ಎಂದು ಹೇಳಿ ಮತ್ತೆ ಅರೆಯಲು ಶುರು ಮಾಡಿದಳು.

ಬೆಸುಗೆ ಹೊಸದಾಗಿ ಹಾಕಿ, ಅನುಮತಿ ಮುಗಿಯುವ ಮೊದಲು ಇನ್ನೊಮ್ಮೆ ನಡೆಸಿದೆವು. ಈ ಸಲ ಪರದೆ ಹೋಗಲಿಲ್ಲ. ಬಂಡೆ ಹತ್ತಿರ ಬಂದಾಗಲೂ ನನ್ನ ಕಾಳಿನ ಲೆಕ್ಕ ತಪ್ಪಲಿಲ್ಲ. "ಗೆರೆಯ ಮೇಲೆ. ಗೆರೆಯ ಮೇಲೆ" ಎನ್ನುತ್ತಿದ್ದೆ. ಶೆಟ್ಟರು ಅದೇ ನೆಮ್ಮದಿಯ ಗಂಟಲಲ್ಲಿ, "ಬಂಡೆ ನಿನ್ನ ತೆಂಕಿನಲ್ಲಿ ದಾಟುತ್ತಿದೆ. ಹೆದರಬೇಡ. ಇನ್ನು ಮರಳು" ಎಂದರು. ವಾಕಿಟಾಕಿಯಲ್ಲಿ ದೋಣಿಯ ಅಡಿ ಮರಳಿಗೆ ಉಜ್ಜಿದ ಸದ್ದು ನಮಗೆ ಕೇಳಿತು. ಅದರ ಹಿಂದೆಯೇ ಲಕ್ಷ್ಮಣಣ್ಣನ ಕೂಗು: "ಶೆಟ್ರೇ, ಕಣ್ಣು ಬಿಟ್ಟು ಬಂದರೂ ಇಷ್ಟು ನೇರ ಬರುವುದಿಲ್ಲ!" ಅವತ್ತು ಅವರು ಕಳಿಸಿದ ಬಂಗುಡೆಯನ್ನು ಶೆಟ್ಟರೂ ನಮ್ಮ ಮನೆಯಲ್ಲೇ ಕುಳಿತು ಉಂಡರು. ಮುಳ್ಳನ್ನು ಪಪ್ಪಾ ಬಿಡಿಸಿ ಕೊಟ್ಟರು.

ಜೂನಿನಲ್ಲಿ ಮಳೆ ಬಂತು, ಶಾಲೆ ಶುರುವಾಯಿತು. ಅಧಿಕಾರಿಗಳು ಬಂದು ರಾಡಾರಿನ ತರಂಗ ಕಳಿಸುವ ಭಾಗಕ್ಕೆ ಮೊಹರು ಹಾಕಿ ಹೋದರು. ಮುಂದೆ ಕೆಲವು ವರ್ಷ ಕಾಲೇಜಿನ ಹುಡುಗರು ಅದನ್ನು ಬಿಚ್ಚಿ ಜೋಡಿಸಿ ಕಲಿತರು. ಪಪ್ಪಾ ಭಾನುವಾರದ ಪೂಜೆ ಮುಗಿಸಿ ಎಲ್ಲೂರಿಗೆ ಹೋಗುವುದು ರೂಢಿಯಾಯಿತು. ಅಲ್ಲಿ ಇಬ್ಬರೂ ಸೇರಿ ಜೋರಾಗಿ ಜಗಳವಾಡುತ್ತಿದ್ದರು. ಯಾವ ಮೆಸ್ಸಿನಲ್ಲಿ ಚಪಾತಿ ಚೆನ್ನಾಗಿತ್ತು ಎಂಬಂಥ ಜಗಳ. ಒಂದು ಮಳೆಗಾಲದ ಆಟಿ ತಿಂಗಳಲ್ಲಿ ಶೆಟ್ಟಿ ಅಂಕಲ್ ತೀರಿಕೊಂಡರು. ಪಪ್ಪಾ ಹೋಗಿಯೂ ಈಗ ಕೆಲವು ವರ್ಷಗಳಾದವು.

ನಾನೀಗ ಮಣಿಪಾಲದಲ್ಲಿ ಇದ್ದೇನೆ. ಹೋದ ವರ್ಷ ಮಗಳ ಸೀಟಿನ ವಿಚಾರಕ್ಕೆ ಆ ಪದವಿನ ಕಾಲೇಜಿಗೆ ಹೋಗಿದ್ದೆ. ಗಾಡಿಯನ್ನು ಎಂದೋ ಗ್ಯಾಸ್ ಕಟರಿನಿಂದ ತುಂಡು ಮಾಡಿ ಗುಜರಿಗೆ ಕಳಿಸಿದರಂತೆ. ಅದು ನಿಂತಿದ್ದ ಜಾಗ ಯಾವುದು ಎಂದು ತೋರಿಸುವವರು ಸಿಗಲಿಲ್ಲ. ಕಟ್ಟಡಗಳು ಎದ್ದು ಸಮುದ್ರ ಮರೆಯಾಗಿದೆ. ಕಾಪುವಿನ ದೋಣಿಗಳಲ್ಲಿ ಈಗ ಅಂಗೈಯಗಲದ ಪರದೆ ಉಂಟು. ದಾರಿಯನ್ನು ಅದೇ ತೋರಿಸುತ್ತದೆ, ಯಾರೂ ಯಾರಿಗೂ ಹೇಳಬೇಕಾಗಿಲ್ಲ. ಒಳ್ಳೆಯದೇ. ಅಲ್ಲಿ ಸಿಕ್ಕ ಲಕ್ಷ್ಮಣಣ್ಣನ ಮಗ ನಗುತ್ತ ಹೇಳಿದ, "ಈಗ ಮಂಜಾದರೂ ಮಳೆಯಾದರೂ ನಮಗೆ ಚಿಂತೆ ಇಲ್ಲ ಅಕ್ಕಾ."

ಚಿಂತೆ ಇಲ್ಲದಿರುವುದು ನಷ್ಟವಲ್ಲ, ಅದು ನನಗೂ ಗೊತ್ತು. ಆದರೆ ಆ ಇಬ್ಬರು ಗಂಡಸರು ತುಳು, ಹಿಂದಿ, ಇಂಗ್ಲಿಷು, ಯಂತ್ರದ ಹೆಸರುಗಳು ಎಲ್ಲ ಕಲಸಿ ತಮ್ಮೊಳಗೆ ಆಡುತ್ತಿದ್ದ ಒಂದು ಬೇರೆಯೇ ಮಾತಿತ್ತು, ಭಾಷೆಯೇ ಅನ್ನಿ. ಆ ರಜೆಯಲ್ಲಿ ಅದು ನನಗೂ ಬಂದಿತ್ತು. ಈಗ ಅದನ್ನು ಅರ್ಥ ಮಾಡಿಕೊಳ್ಳಬಲ್ಲವಳು ನಾನೊಬ್ಬಳೇ ಉಳಿದಿದ್ದೇನೆ. ಮಾತಾಡಲು ಎದುರಿಗೆ ಇನ್ನೊಬ್ಬರು ಬೇಕಲ್ಲ.